ಗದಗ ಪೇಟೆ: ಹತ್ತಿ ಕಮ್ಮಿಯಾದರೂ ದಲಾಲಿ ಅಂಗಡಿ ಉಳಿದದ್ದು ಹೇಗೆ?

ಗದಗದ ಸುತ್ತ, ಕಪ್ಪತಗುಡ್ಡದ ಕಡೆ ಬಿಟ್ಟರೆ, ಕಣ್ಣು ಹಾಯುವಷ್ಟೂ ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಬಿದ್ದ ಮಳೆಯನ್ನು ತಿಂಗಳುಗಟ್ಟಲೆ ಹಿಡಿದಿಡುವ ಮಣ್ಣು, ಹತ್ತಿಗೆ ಹೇಳಿ ಮಾಡಿಸಿದ್ದು. ಈ ಪೇಟೆ ಬೆಳೆದದ್ದೂ ಹತ್ತಿಯಿಂದಲೇ.

ರೈಲು ಬರುವ ಮೊದಲು ಈ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಹಾಗಾಗಿ ಎರೆ ಸೀಮೆಯ ಮಾಲಿಗೆ ಮುಂಬಯಿಯಲ್ಲಿ 'ಕುಮಟಾ ಹತ್ತಿ' ಅಂತ ಹೆಸರು ಬಿತ್ತು. ಬೆಳೆದವನ ಊರಿನ ಸುದ್ದಿಯೇ ಇಲ್ಲ! 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ತಳಿಯನ್ನೂ ಇಲ್ಲಿ ಬಿತ್ತಿಸಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳು ಇತ್ತ ತಿರುಗಿದವು, ದರ ಏರಿತು, ಅದರ ಹಿಂದೆಯೇ ಕಲಬೆರಕೆಯೂ ಬಂತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತಂದಿತು. ಯುದ್ಧ ಮುಗಿದ ಮೇಲೆ ದರ ಇಳಿಯಿತು. ಏರಿದ ದರ ನಂಬಿ ಮಾಡಿದ ಸಾಲ ಎಲ್ಲಿ ಇಳಿಯುತ್ತದೆ?

1884ರಲ್ಲಿ ಸೋಲಾಪುರದ ಹತ್ತಿರದ ಹೊಟಗಿಯಿಂದ ಗದಗಕ್ಕೆ ರೈಲು ಬಂತು. ಆಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ, ಅದನ್ನು ಒತ್ತಿ ಮೂಟೆ ಕಟ್ಟುವ ಪ್ರೆಸ್, ರೈತರ ಮಾಲನ್ನು ಕಮಿಷನ್ನಿಗೆ ಮಾರಿಸಿಕೊಡುವ ದಲಾಲಿ ಅಂಗಡಿಗಳ ಸಾಲು. ಬಿತ್ತುವಾಗ ದಲಾಲರಿಂದ ದುಡ್ಡು, ಸುಗ್ಗಿಯಲ್ಲಿ ಅವರದೇ ಅಂಗಡಿಗೆ ಮಾಲು. ಈ ಬಿಗಿ ಸಡಿಲಿಸುವ ಹಾದಿ ಸಿಕ್ಕಿದ್ದೂ ಇದೇ ತಾಲೂಕಿನಲ್ಲಿ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗೆ ಸಾಲ ಕೊಡುವ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಗದಗದ ಬಗ್ಗೆ ಮಾತಾಡುವಾಗ ಇದನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ, ನನಗಂತೂ ಊರಿನ ಚರಿತ್ರೆಯಲ್ಲಿ ಇದೇ ದೊಡ್ಡ ಸಂಗತಿ.

ಆಮೇಲೆ 1966ರ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆ. ಹಳೇ ಪೇಟೆಗಳಲ್ಲಿ ಕೈ ಮೇಲೆ ಬಟ್ಟೆ ಮುಚ್ಚಿ, ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಕಾಯ್ದೆ ಬಂದ ಮೇಲೆ ಎಪಿಎಂಸಿ ಯಾರ್ಡಿನಲ್ಲಿ ಎಲ್ಲರೆದುರು ಲಿಲಾವು (ಹರಾಜು), ಈಗ ಆನ್‌ಲೈನ್ ಟೆಂಡರ್.

ಬೆಳೆಯೂ ಬದಲಾಯಿತು. ಹತ್ತಿ ಹೊಲ ಬಿಡುವಷ್ಟರಲ್ಲಿ ಹಿಂಗಾರಿ ಬಿತ್ತನೆಯ ಹೊತ್ತು ಮುಗಿದೇ ಹೋಗಿರುತ್ತದೆ. ಹೆಸರುಕಾಳು ಹಾಗಲ್ಲ, ಸುಮಾರು ಎರಡು-ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ, ಅದೇ ಹೊಲದಲ್ಲಿ ಕಡಲೆ ಅಥವಾ ಬಿಳಿಜೋಳ ಬಿತ್ತಬಹುದು. ಹತ್ತಿ ಪೂರ್ತಿ ಹೋಗಿಲ್ಲ, ಆದರೆ ಯಾರ್ಡಿನಲ್ಲಿ ಈಗ ಕಾಳಿನ ಗದ್ದಲವೇ ಜಾಸ್ತಿ.

ಇಷ್ಟೆಲ್ಲ ಬದಲಾದರೂ ದಲಾಲರು ಅಲ್ಲೇ ಇದ್ದಾರೆ. ಕಾಯ್ದೆ ತಿದ್ದಿದ್ದು ದರ ಕಟ್ಟುವ ರೀತಿಯನ್ನು, ಬಿತ್ತನೆ ಹೊತ್ತಿಗೆ ಕೈಸಾಲ ಕೊಡುವವರು ಯಾರು ಅನ್ನುವ ಪ್ರಶ್ನೆಯನ್ನಲ್ಲ. ಸೊಸೈಟಿಯಾಗಲಿ ಬ್ಯಾಂಕಾಗಲಿ ಬೆಳೆಸಾಲಕ್ಕೆ ಉತಾರ, ಅಂದರೆ ಹೊಲದ ಪಹಣಿ, ಕೇಳುತ್ತವೆ, ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರ ಹೆಸರಲ್ಲಿ ಅದು ಇರುವುದೇ ಇಲ್ಲ. ದಲಾಲರು ಉತಾರ ಕೇಳುವುದಿಲ್ಲ, ಮಾಲು ತಮ್ಮ ಅಂಗಡಿಗೇ ಬಂದರೆ ಸಾಕು.