ಗುರುತು ಉಳಿಸದೆ ಬರುವ ಪಾಠ ಹುಟ್ಟಿದ್ದು ಹೇಗೆ?

ಎಳೆಯ ಕೊಂಬೆಗಳನ್ನು ಕಡಿದು ಹಾಸಿಗೆ ಮಾಡಿಕೊಳ್ಳುವುದು, ಮಳೆನೀರು ನುಗ್ಗದಂತೆ ಡೇರೆಯ ಸುತ್ತ ಕಾಲುವೆ ತೋಡುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಡುಗಳಲ್ಲಿ ಬಿಡಾರ ಹೂಡುವವರಿಗೆ ಇದನ್ನೇ ಕೌಶಲವೆಂದು ಕಲಿಸುತ್ತಿದ್ದರು. ಹೋಗುವವರು ಕಡಿಮೆಯಿದ್ದಾಗ ಕಾಡು ಹೇಗೋ ತಾಳಿಕೊಂಡಿತು.

ಎರಡನೆಯ ಮಹಾಯುದ್ಧದ ನಂತರ ಕಾರು, ಹೆದ್ದಾರಿ, ರಜೆ, ಹಗುರವಾದ ಡೇರೆ ಎಲ್ಲವೂ ಸಾಮಾನ್ಯರ ಕೈಗೆಟುಕಿದವು. ಮನುಷ್ಯ ಇಲ್ಲಿ ಬಂದುಹೋಗುವವನೇ ಹೊರತು ನೆಲೆಸುವವನಲ್ಲ ಎಂದು 1964ರ ವನ್ಯಪ್ರದೇಶ ಕಾಯ್ದೆ ಸಾರಿತು. ಆದರೆ ಬಂದುಹೋಗುವವರೇ ಕಿಕ್ಕಿರಿದರೆ? ಕಣಿವೆಗೊಬ್ಬ ಕಾವಲುಗಾರನನ್ನು ನಿಲ್ಲಿಸುವುದು ಆಗದ ಮಾತು. ಹಾಗಾಗಿ ಅಲ್ಲಿನ ಅರಣ್ಯ ಸೇವೆ ತಿಳಿಹೇಳುವ ದಾರಿ ಹಿಡಿಯಿತು. ‘ಲೀವ್ ನೋ ಟ್ರೇಸ್’ (ಗುರುತು ಉಳಿಸಬೇಡಿ) ಎಂಬ ಕಾರ್ಯಕ್ರಮ ರೂಪುಗೊಂಡು, 1994ರಲ್ಲಿ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆ ಹುಟ್ಟಿತು.

ಅದರ ಏಳು ಸೂತ್ರಗಳನ್ನು ಬರೀ ಶಿಷ್ಟಾಚಾರವೆಂದು ಓದುವವರು ಅವುಗಳ ಹಿಂದಿನ ವಿಜ್ಞಾನವನ್ನು ಕಾಣುವುದಿಲ್ಲ. ಯಾರೂ ತುಳಿಯದ ಹುಲ್ಲುಗಾವಲಿನಲ್ಲಿ ಮೊದಲ ಕೆಲವು ರಾತ್ರಿಗಳ ಬಿಡಾರವೇ ಹೆಚ್ಚಿನ ಹಾನಿ ಮಾಡಿಬಿಡುತ್ತದೆ. ಆಮೇಲೆ ನೂರು ಮಂದಿ ಬಂದರೂ ಹಾನಿ ಅದೇ ವೇಗದಲ್ಲಿ ಏರುವುದಿಲ್ಲ ಎಂದು ಸಂಶೋಧಕರು ಅಳೆದು ತೋರಿಸಿದರು. ಆದ್ದರಿಂದಲೇ ಜನ ಹೆಚ್ಚಾಗಿ ಹೋಗುವ ಕಡೆ ಈಗಾಗಲೇ ಸವೆದ ಜಾಗದಲ್ಲೇ ಡೇರೆ ಹಾಕಿ, ಯಾರೂ ಹೋಗದ ಕಡೆ ಚದುರಿಕೊಳ್ಳಿ ಎನ್ನುತ್ತಾರೆ. ಮಲವನ್ನು ನೀರಿನಿಂದ ಸುಮಾರು 60 ಮೀಟರ್ ದೂರದಲ್ಲಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಹೂಳಬೇಕೆನ್ನುವುದೂ ಸುಮ್ಮನೆ ಹೇಳಿದ ಮಾತಲ್ಲ. ಕೊಳೆಯಿಸುವ ಸೂಕ್ಷ್ಮಜೀವಿಗಳು ಹೆಚ್ಚಾಗಿರುವುದು ಮೇಲುಮಣ್ಣಿನಲ್ಲಿ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಂತೂ ನೆಲದ ಮೇಲಿನ ಕಪ್ಪು ಪದರವೇ ಜೀವಂತ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ನೂಲಿನಂತಹ ಎಳೆಗಳು ಮರಳನ್ನು ಹಿಡಿದಿಟ್ಟಿರುತ್ತವೆ. ಒಂದು ಬೂಟಿನ ಹೆಜ್ಜೆಗೆ ಅದು ಪುಡಿಯಾದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಚಾರಣಿಗನಿಗೆ ತಿಳಿಹೇಳಿದರೆ ಸಾಕಾಗಬಹುದು, ಎಂಜಿನ್‌ಗೆ ಸಾಲದು. 1942ರಲ್ಲಿ ಸೈನಿಕ ತರಬೇತಿಗೆಂದು ಮೊಹಾವೆ ಮರುಭೂಮಿಯಲ್ಲಿ ಓಡಾಡಿದ ಟ್ಯಾಂಕ್‌ಗಳ ಜಾಡು ದಶಕಗಳ ನಂತರವೂ ಅಳಿಯಲಿಲ್ಲ. ಮೋಜಿನ ಬೈಕು, ಜೀಪುಗಳು ಅದೇ ಬಗೆಯ ನೆಲಕ್ಕೆ ನುಗ್ಗಿದಾಗ, ಅವು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂದು ಗುರುತಿಸುವಂತೆ ಅಧ್ಯಕ್ಷ ನಿಕ್ಸನ್ 1972ರಲ್ಲಿ ಆದೇಶಿಸಿದರು. ತೀವ್ರ ಹಾನಿ ಕಂಡ ಕೂಡಲೇ ಆ ಜಾಗವನ್ನು ಮುಚ್ಚಬೇಕೆಂದು 1977ರಲ್ಲಿ ಅಧ್ಯಕ್ಷ ಕಾರ್ಟರ್ ಸೇರಿಸಿದರು. ವಾಹನ ಪ್ರಿಯರಿಗೆ ಇದು ಕಹಿ ಎನಿಸಿದ್ದು ನಿಜ. ಅವರಿಗೂ ಆ ನೆಲದಲ್ಲಿ ಪಾಲಿದೆ. ಆದರೂ ಹಾನಿ ಕಣ್ಣೆದುರಿಗಿರುವಾಗ ಮೊದಲು ಮುಚ್ಚಿ, ಆಮೇಲೆ ವಾದಿಸುವುದೇ ಸರಿ.