ಎಷ್ಟಿದೆ ಅಂತ ಹೇಳೋ ಬೆಳಕು, ಏನಿದೆ ಅಂತ ಹೇಳೋಕೆ ತಡವರಿಸೋ ಬೆಳಕು

ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿಗೆ ಹಾಕಿದ್ರೆ ನೇರಳೆ ಬಣ್ಣ ಬರತ್ತಲ್ಲ, ಅದು ಬೆಳಕಿನ ಹಸಿರು ಭಾಗವನ್ನ, ಅಂದ್ರೆ ತರಂಗಾಂತರ 525 ನ್ಯಾನೋಮೀಟರ್ ಆಸುಪಾಸಿನದನ್ನ, ಚೆನ್ನಾಗಿ ಹೀರ್ಕೊಂಡು ಬಿಡತ್ತೆ, ಹೀರದೆ ಬಿಟ್ಟಿದ್ದು ನಮ್ಮ ಕಣ್ಣಿಗೆ ನೇರಳೆಯಾಗಿ ಕಾಣತ್ತೆ. ಜಾಸ್ತಿ ಹಾಕಿದ್ರೆ ಬಣ್ಣ ಗಾಢ, ಕಮ್ಮಿ ಹಾಕಿದ್ರೆ ತೆಳು. ಯುವಿ-ವಿಸಿಬಲ್ ಸ್ಪೆಕ್ಟ್ರೋಸ್ಕೋಪಿಯ ಮೂಲ ವಿಷಯ ಇಷ್ಟೇ, ಆದ್ರೆ ಇದನ್ನ ಕಣ್ಣಂದಾಜಲ್ಲಿ ಬಿಡದೆ ನಂಬರಾಗಿ ಹಿಡಿಯೋದು, ಅದೂ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಬೆಳಕಲ್ಲೂ ಹಿಡಿಯೋದು, ಅಲ್ಲಿದೆ ಇದರ ತಾಕತ್ತು.

ಇದನ್ನ ಅಳೆಯೋ ಮಷೀನೊಳಗೆ ಯುವಿಗೆ ಡ್ಯುಟೀರಿಯಂ ಲ್ಯಾಂಪು, ವಿಸಿಬಲ್‌ಗೆ ಟಂಗ್‌ಸ್ಟನ್ ಹ್ಯಾಲೊಜೆನ್ ಲ್ಯಾಂಪು, ಬೆಳಕನ್ನ ಬಿಡಿಬಿಡಿ ಮಾಡೋಕೆ ಒಂದು ಗ್ರೇಟಿಂಗು, ಸ್ಯಾಂಪಲ್ ಹಾಕೋಕೆ ಸಾಮಾನ್ಯವಾಗಿ 1 ಸೆಂ.ಮೀ. ಅಗಲದ ಕ್ಯುವೆಟ್ಟು, ಆಮೇಲೆ ಡಿಟೆಕ್ಟರ್. ಯುವಿಯಲ್ಲಿ ಅಳೆಯೋದಾದ್ರೆ ಕ್ಯುವೆಟ್ಟು ಕ್ವಾರ್ಟ್ಜ್‌ದೇ ಆಗ್ಬೇಕು, ಮಾಮೂಲಿ ಗಾಜು ಆ ಬೆಳಕನ್ನ ತಾನೇ ನುಂಗಿಬಿಡತ್ತೆ.

ಲೆಕ್ಕ ಹಳೇದು. 1729ರಲ್ಲಿ ಬುಗೇ, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಬಿಯರ್, ಹೀಗೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಿದ್ದು. ದ್ರಾವಣದಲ್ಲಿ ವಸ್ತು ಎಷ್ಟಿದೆ, ಬೆಳಕು ಎಷ್ಟು ದೂರ ಅದರೊಳಗೆ ಹೋಗತ್ತೆ, ಇವೆರಡಕ್ಕೂ ತಕ್ಕ ಹಾಗೆ ಅಬ್ಸಾರ್ಬೆನ್ಸ್, ಅಂದ್ರೆ ಬೆಳಕು ಎಷ್ಟು ಹೀರಿಹೋಯ್ತು ಅನ್ನೋ ಅಳತೆ, ಏರತ್ತೆ. ಇದು ಲಾಗರಿದಮ್ ಲೆಕ್ಕ ಅನ್ನೋದನ್ನ ಮಾತ್ರ ಮರೀಬಾರದು. ಅಬ್ಸಾರ್ಬೆನ್ಸ್ 1 ಬಂತು ಅಂದ್ರೆ ಬೆಳಕಲ್ಲಿ 10% ಮಾತ್ರ ಆಚೆ ಬಂದಿದೆ, 2 ಅಂದ್ರೆ 1%, 3 ಅಂದ್ರೆ ಸಾವಿರದಲ್ಲಿ ಒಂದು ಪಾಲು. ಅಷ್ಟು ಕಮ್ಮಿ ಬೆಳಕು ಬಂದಾಗ ಮಷೀನೊಳಗೆ ದಾರಿತಪ್ಪಿ ಓಡಾಡೋ ಚೂರುಪಾರು ಬೆಳಕೇ ರೀಡಿಂಗನ್ನ ಹಾಳು ಮಾಡತ್ತೆ, ಹಾಗಾಗಿ ಸ್ಕ್ರೀನ್ ಮೇಲೆ 2.8 ಬಂತು ಅಂತ ಬರ್ಕೊಂಡು ಹೋಗೋದು ತಪ್ಪು, ಸ್ಯಾಂಪಲನ್ನ ಡೈಲ್ಯೂಟ್ ಮಾಡಿ 1ರ ಒಳಗೆ ತಂದು ಅಳೆದ್ರೆ ಅದು ಸರಿಯಾದ ರೀಡಿಂಗು.

ಬಣ್ಣವೇ ಇಲ್ಲದ ವಸ್ತುವಾದ್ರೆ? ಬಣ್ಣ ಬರಿಸ್ತಾರೆ. ನೀರಲ್ಲಿ ಸ್ವಲ್ಪವೇ ಸ್ವಲ್ಪ ಕಬ್ಬಿಣ ಕರಗಿದ್ರೆ ಕಣ್ಣಿಗೆ ಏನೂ ಕಾಣಲ್ಲ. ಅದಕ್ಕೆ ಫಿನಾಂತ್ರೊಲಿನ್ ಅನ್ನೋ ರಾಸಾಯನಿಕ ಹಾಕಿದ್ರೆ ಕಿತ್ತಳೆ-ಕೆಂಪು ಬಣ್ಣ ಬರತ್ತೆ, 510 ನ್ಯಾನೋಮೀಟರ್‌ನಲ್ಲಿ ಓದ್ತಾರೆ. ಆದ್ರೆ ಈ ಬಣ್ಣ ಕೊಡೋದು ಫೆರಸ್ ರೂಪದ ಕಬ್ಬಿಣ, ಫೆರಿಕ್ ರೂಪದಲ್ಲಿರೋದನ್ನ ಮೊದಲು ಹೈಡ್ರಾಕ್ಸಿಲಮೀನ್ ಹಾಕಿ ಫೆರಸ್ ಮಾಡ್ಕೋಬೇಕು, ಆ ಸ್ಟೆಪ್ ಬಿಟ್ರೆ ಇರೋ ಕಬ್ಬಿಣ ಲೆಕ್ಕಕ್ಕೆ ಸಿಗಲ್ಲ, ಮಷೀನಿಗೆ ಅದು ಗೊತ್ತೂ ಆಗಲ್ಲ.

ನನಗೆ ತುಂಬಾ ಇಷ್ಟದ್ದು ರಕ್ತ ಪರೀಕ್ಷೆಯ ಉದಾಹರಣೆ. ಲಿವರ್ ಟೆಸ್ಟ್ ರಿಪೋರ್ಟಲ್ಲಿ ಎಸ್‌ಜಿಪಿಟಿ ಅಂತ ಒಂದು ಸಾಲು ಇರತ್ತೆ, ಅದು ಒಂದು ಕಿಣ್ವ, ರಕ್ತದಲ್ಲಿ ಅದನ್ನ ನೇರವಾಗಿ ಬೆಳಕಿಂದ ನೋಡೋಕಾಗಲ್ಲ. ಅದು ಮಾಡೋ ಕೆಲಸವನ್ನ ನೋಡ್ತಾರೆ. ಅದರ ಕ್ರಿಯೆಯಿಂದ ಪೈರುವೇಟ್ ಬರತ್ತೆ, ಆ ಪೈರುವೇಟನ್ನ ಇನ್ನೊಂದು ಕಿಣ್ವ ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಅನ್ನೋ ಸಹಾಯಕ ಅಣು ಖರ್ಚಾಗತ್ತೆ, ಈ ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನ ಹೀರತ್ತೆ, ಖರ್ಚಾಗಿ ಎನ್‌ಎಡಿ ಆದ್ಮೇಲೆ ಹೀರಲ್ಲ. ಹಾಗಾಗಿ 340ರಲ್ಲಿ ಅಬ್ಸಾರ್ಬೆನ್ಸ್ ನಿಮಿಷಕ್ಕೆ ಎಷ್ಟು ಇಳೀತಾ ಹೋಯ್ತು ಅನ್ನೋದೇ ಎಸ್‌ಜಿಪಿಟಿಯ ಅಳತೆ. ಕಾಣದ ಕಿಣ್ವ, ಕಾಣದ ಬೆಳಕು, ಆದ್ರೂ ಕೊನೆಗೆ ಡಾಕ್ಟರ್ ಕೈಗೆ ಕೆಲಸಕ್ಕೆ ಬರೋ ನಂಬರ್ ಸಿಗತ್ತೆ, ಎಷ್ಟು ಸೊಗಸಾದ ಐಡಿಯಾ ನೋಡಿ.

ಆದ್ರೆ ಏನಿದೆ ಅಂತ ಕೇಳಿದ್ರೆ ಈ ವಿಧಾನ ಅಷ್ಟು ಗಟ್ಟಿ ಅಲ್ಲ. ದ್ರಾವಣದಲ್ಲಿ ಅಣುಗಳ ಪೀಕುಗಳು, ಅಂದ್ರೆ ಬೆಳಕನ್ನ ಜಾಸ್ತಿ ಹೀರೋ ಜಾಗಗಳು, ಅಗಲ ಅಗಲ ಇರತ್ತೆ, ಒಂದರ ಮೇಲೊಂದು ಬೀಳತ್ತೆ. ಔಷಧಿ ಪರೀಕ್ಷೆಯಲ್ಲಿ ಎಚ್‌ಪಿಎಲ್‌ಸಿ ಅನ್ನೋ, ಮಿಶ್ರಣವನ್ನ ಬಿಡಿಸೋ ಯಂತ್ರದ ಜೊತೆ ಯುವಿ ಡಿಟೆಕ್ಟರ್ ಇಟ್ಟಿರೋದು ಇದಕ್ಕೇ, ಅದರ ಕೊಳವೆ, ಅಂದ್ರೆ ಕಾಲಮ್ಮು, ಮೊದಲು ಎಲ್ಲಾನೂ ಬೇರೆ ಬೇರೆ ಮಾಡಿ ಕಳಿಸತ್ತೆ, ಆಮೇಲೆ ಬೆಳಕು ಒಂದೊಂದನ್ನೇ ಅಳೆಯತ್ತೆ.

ಡಿಎನ್‌ಎ ವಿಷಯದಲ್ಲಂತೂ ಇದನ್ನ ಗಮನದಲ್ಲಿ ಇಟ್ಕೊಳ್ಳಲೇಬೇಕು. ಡಿಎನ್‌ಎ 260 ನ್ಯಾನೋಮೀಟರಲ್ಲಿ ಹೀರತ್ತೆ, ಪ್ರೋಟೀನು 280ರಲ್ಲಿ, 260ರ ಅಬ್ಸಾರ್ಬೆನ್ಸಿಗೂ 280ರ ಅಬ್ಸಾರ್ಬೆನ್ಸಿಗೂ ಇರೋ ಅನುಪಾತ ಸುಮಾರು 1.8 ಬಂದ್ರೆ ಡಿಎನ್‌ಎ ಶುದ್ಧ ಅಂತಾರೆ, 260ರಲ್ಲಿ ಅಬ್ಸಾರ್ಬೆನ್ಸ್ 1 ಇದ್ರೆ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಡಬಲ್ ಸ್ಟ್ರಾಂಡ್ ಡಿಎನ್‌ಎ ಅಂತ ಲೆಕ್ಕ. ಆದ್ರೆ ಆರ್‌ಎನ್‌ಎ ಕೂಡ 260ರಲ್ಲೇ ಹೀರತ್ತೆ, ಅದೂ ಸೇರ್ಕೊಂಡಿದ್ರೆ ಡಿಎನ್‌ಎ ಲೆಕ್ಕ ಸುಮ್ನೆ ಊದ್ಕೊಳತ್ತೆ, ಜೊತೆಗೆ ಡಿಎನ್‌ಎ ಚೂರುಚೂರಾಗಿದ್ರೂ ಅನುಪಾತ ಚೆನ್ನಾಗೇ ಕಾಣತ್ತೆ. ಅದಕ್ಕೇ ಮುಂದಿನ ಕೆಲಸ ಸೂಕ್ಷ್ಮದ್ದಾದ್ರೆ ಜೆಲ್ ಅನ್ನೋ ಲೋಳೆಯಂಥ ಹಾಳೆ ಮೇಲೂ ಓಡಿಸಿ ಚೂರಾಗಿದೆಯಾ ಅಂತ ನೋಡ್ತಾರೆ, ಇಲ್ಲಾಂದ್ರೆ ಡಬಲ್ ಸ್ಟ್ರಾಂಡ್ ಡಿಎನ್‌ಎಗೆ ಅಂಟ್ಕೊಂಡಾಗ ಮಾತ್ರ ಚೆನ್ನಾಗಿ ಹೊಳೆಯೋ ಫ್ಲೂರೊಸೆಂಟ್ ಡೈ ಹಾಕಿ ಇನ್ನೊಂದ್ಸಲ ಅಳೀತಾರೆ.