ಹಸಿವಾದಾಗ ತಿನ್ಬೇಕಾ, ಟೈಮಿಗೆ ತಿನ್ಬೇಕಾ? ಹಸಿವಿನ ಚಾಪ್ಟರ್‌ಗೆ ನನ್ನ ನೋಟ್ಸ್

ನನ್ ಜೊತೆ ಓದ್ತಿರೋರಿಗೆ ಅಂತ ಬರೀತಿದೀನಿ, ನಾನೂ ಇನ್ನೂ ಕಲೀತಿರೋಳೇ. ಈ ಟಾಪಿಕ್ ಬಂದಾಗೆಲ್ಲ ಎರಡು ಪಾರ್ಟಿ ಆಗಿಬಿಡತ್ತೆ. ಒಬ್ರು "ಹೊಟ್ಟೆ ಕೇಳಿದಾಗ ಕೊಡಿ, ಗಡಿಯಾರಕ್ಕೇನು ಗೊತ್ತು ಹೊಟ್ಟೆ ಕಷ್ಟ" ಅಂತಾರೆ, ಇನ್ನೊಬ್ರು "ಹೊತ್ತೊತ್ತಿಗೆ ಉಣ್ಣಿ, ಹೊಟ್ಟೆ ಮಾತು ಕೇಳ್ಕೊಂಡು ಕೂತ್ರೆ ಕೆಟ್ಟಂಗೆ" ಅಂತಾರೆ. ನಾನು ಶುರುವಲ್ಲಿ ಮೊದಲನೇ ಪಾರ್ಟಿ. ಓದ್ತಾ ಓದ್ತಾ ಅನ್ಸಿದ್ದು, ಈ ಜಗಳದ ಬುಡದಲ್ಲೇ ಒಂದು ತಪ್ಪಿದೆ ಅಂತ. ಹಸಿವು ಒಂದು ಕಡೆ ಗಡಿಯಾರ ಒಂದು ಕಡೆ ಅಂದ್ಕೊಂಡೇ ಎಲ್ರೂ ಮಾತಾಡ್ತಾರೆ, ಆದ್ರೆ ಹಸಿವೇ ಗಡಿಯಾರ ನೋಡ್ಕೊಂಡು ಬರತ್ತೆ. ಇದೊಂದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸಲೀಸು.

ಮೊದ್ಲು ಪದಗಳು ಕ್ಲಿಯರ್ ಮಾಡ್ಕೊಳ್ಳಿ, ಪರೀಕ್ಷೇಲಿ ಮಾರ್ಕ್ಸ್ ಹೋಗೋದು ಇಲ್ಲೇ. ಹಸಿವು ಅಂದ್ರೆ ದೇಹಕ್ಕೆ ಊಟ ಬೇಕು ಅನ್ನೋ ಒತ್ತಾಯ. ಅಪೆಟೈಟ್ ಅಂದ್ರೆ ತಿನ್ನೋ ಆಸೆ, ಹೊಟ್ಟೆ ತುಂಬಿದ್ರೂ ಬರಬಹುದು, ನಮ್ಮ ಬಾಯಿಚಪಲ ಅನ್ನೋ ಮಾತು ಇದಕ್ಕೆ ಹತ್ರ. ಆಮೇಲೆ ಎಲ್ರೂ ಗೊಂದಲ ಮಾಡ್ಕೊಳ್ಳೋ ಜೋಡಿ ಸೇಷಿಯೇಷನ್ ಮತ್ತು ಸಟೈಟಿ. ಊಟ ಮಾಡ್ತಾ ಇರುವಾಗ "ಸಾಕು" ಅನ್ಸೋದು ಸೇಷಿಯೇಷನ್, ಎದ್ದು ಕೈ ತೊಳ್ಕೊಂಡ ಮೇಲೆ ಮುಂದಿನ ಹಸಿವನ್ನ ಎಷ್ಟೊತ್ತು ದೂರ ಇಡತ್ತೆ ಅನ್ನೋದು ಸಟೈಟಿ. ಮೊದಲನೆಯದು ಊಟದ ಸೈಜ್ ಡಿಸೈಡ್ ಮಾಡತ್ತೆ, ಎರಡನೆಯದು ಊಟಗಳ ನಡುವಿನ ಗ್ಯಾಪ್. ಹಸಿವು ಹೆಚ್ಚೋ ಟೈಮ್ ಹೆಚ್ಚೋ ಅನ್ನೋ ಪ್ರಶ್ನೆಯೊಳಗೂ ಹಿಂಗೇ ಎರಡು ಪ್ರಶ್ನೆ ಇವೆ, ಯಾವಾಗ ಮತ್ತು ಎಷ್ಟು. ಅದನ್ನ ಕೆಳಗೆ ಹೇಳ್ತೀನಿ.

ಹಳೇ ಕಾಲದಲ್ಲಿ ಹಸಿವು ಅಂದ್ರೆ ಹೊಟ್ಟೆ ಹಿಂಡೋದು, ಅಷ್ಟೇ ಅಂದ್ಕೊಂಡಿದ್ರು. 1912ರಲ್ಲಿ ವಾಲ್ಟರ್ ಕ್ಯಾನನ್ ಮತ್ತು ಅವರ ಸ್ಟೂಡೆಂಟ್ ವಾಶ್‌ಬರ್ನ್ ಇದನ್ನ ಅಳೆದೇ ಬಿಟ್ರು. ವಾಶ್‌ಬರ್ನ್ ಒಂದು ಟ್ಯೂಬಿನ ತುದಿಗೆ ಬಲೂನ್ ಕಟ್ಟಿ ನುಂಗಿದ್ರು, ಹೊಟ್ಟೆಯೊಳಗೆ ಅದನ್ನ ಊದಿ, ಹೊಟ್ಟೆ ಹಿಂಡಿದಾಗೆಲ್ಲ ಹೊರಗಿನ ಯಂತ್ರ ಗೆರೆ ಎಳೆಯೋ ಹಂಗೆ ಮಾಡಿ, ಹಸಿವು ಅನ್ಸಿದಾಗ ಅವರು ಒಂದು ಕೀ ಒತ್ತಬೇಕಿತ್ತು. ಹಿಂಡಿದ ಗೆರೆ ಮತ್ತು ಕೀ ಒತ್ತಿದ ಗುರುತು ಎರಡೂ ಒಟ್ಟೊಟ್ಟಿಗೆ ಬಂದ್ವು. ಪ್ರಯೋಗಕ್ಕೋಸ್ಕರ ಬಲೂನ್ ನುಂಗಿದ ಆ ಸ್ಟೂಡೆಂಟ್‌ನ ನೆನೆಸ್ಕೊಂಡ್ರೆ ನಮ್ ಪ್ರಾಕ್ಟಿಕಲ್ಸ್ ಎಷ್ಟೋ ವಾಸಿ. ಆದ್ರೆ ಕಥೆ ಪೂರ್ತಿ ಅಲ್ಲ, ಯಾಕಂದ್ರೆ ಆಪರೇಷನ್‌ನಲ್ಲಿ ಜಠರವನ್ನೇ ತೆಗೆದುಹಾಕಿದೋರಿಗೂ ಹಸಿವಾಗತ್ತೆ. ಹೊಟ್ಟೆ ಚುರುಗುಟ್ಟೋದು ಹಸಿವಿನ ಒಂದು ಗುರುತೇ ಹೊರತು ಅದೇ ಹಸಿವಲ್ಲ.

ಈಗ ಮುಖ್ಯವಾದ್ದು, ಗ್ರೆಲಿನ್, ಅಂದ್ರೆ ಜಠರದಿಂದ ಹೊರಟು ಹಸಿವು ಏರಿಸೋ ಹಾರ್ಮೋನ್. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಅವರ ತಂಡ ಇಲಿ ಜಠರದಿಂದ ಹುಡುಕಿದ್ದು, ಆಗ ಅವರು ಹುಡುಕ್ತಿದ್ದಿದ್ದು ಹಸಿವಿನ ಹಾರ್ಮೋನ್ ಅಲ್ಲ, ಬೆಳವಣಿಗೆ ಹಾರ್ಮೋನ್ ಹೊರಡಿಸೋ ಅಣು, ಹಸಿವಿನ ವಿಷ್ಯ ಆಮೇಲೆ ಗೊತ್ತಾಯ್ತು. 2001ರಲ್ಲಿ ಕಮಿಂಗ್ಸ್ ಅವರ ತಂಡ 10 ಜನರಿಗೆ ಗೊತ್ತಾದ ಟೈಮಲ್ಲಿ ಮೂರು ಹೊತ್ತು ಊಟ ಕೊಟ್ಟು, 24 ಗಂಟೇಲಿ 38 ಸಲ ರಕ್ತ ತೆಗೆದು ನೋಡಿದ್ರು. ಪ್ರತಿ ಊಟಕ್ಕೆ ಸ್ವಲ್ಪ ಮುಂಚೆ ಗ್ರೆಲಿನ್ ಹೆಚ್ಚುಕಮ್ಮಿ ಡಬಲ್ ಆಗತ್ತೆ, ಊಟ ಆಗಿ ಒಂದು ಗಂಟೆಯೊಳಗೆ ತಳ ಸೇರತ್ತೆ. ಗ್ರಾಫ್ ನೋಡಿದ್ರೆ ಮೂರು ಗುಡ್ಡ. ಇಷ್ಟು ನೋಡಿ ನಾನು ಅಂದ್ಕೊಂಡಿದ್ದು, ಹೊಟ್ಟೆ ಖಾಲಿ ಆಯ್ತು ಗ್ರೆಲಿನ್ ಏರ್ತು, ಇದ್ರಲ್ಲೇನಿದೆ ಅಂತ.

ಆದ್ರೆ 2005ರಲ್ಲಿ ಇನ್ನೊಂದು ತಂಡ ಊಟವನ್ನೇ ತೆಗೆದುಬಿಡ್ತು, ಜನರನ್ನ 33 ಗಂಟೆ ಉಪವಾಸ ಇಟ್ಟು ಗ್ರೆಲಿನ್ ಅಳೀತು. ಹೊಟ್ಟೆ ಖಾಲಿಯಾಗೋದೇ ಕಾರಣ ಆಗಿದ್ರೆ ಗೆರೆ ಏರ್ತಾನೇ ಹೋಗ್ಬೇಕಿತ್ತು ಅಲ್ವಾ, ಹಂಗಾಗ್ಲಿಲ್ಲ. ಮಾಮೂಲಿ ಊಟದ ಹೊತ್ತಿಗೆ ಏರ್ತು, ಒಂದು ತುತ್ತೂ ತಿನ್ದೇನೇ ತನ್ನಷ್ಟಕ್ಕೆ ತಾನೇ ಇಳೀತು, ಮುಂದಿನ ಊಟದ ಹೊತ್ತಿಗೆ ಮತ್ತೆ ಏರ್ತು! ಇದು ನಮ್ಗೆಲ್ಲ ಅನುಭವದಲ್ಲಿರೋದೇ. ಒಂದು ಗಂಟೆಗೆ ಪ್ರಾಣ ಹೋಗೋಷ್ಟು ಹಸಿವು, ಕೆಲಸ ಬಿಟ್ಟು ಏಳೋಕಾಗಲ್ಲ, ಎರಡೂವರೆಗೆ ನೋಡಿದ್ರೆ ಹಸಿವೇ ಇಲ್ಲ, ಮನೇಲಿ "ಹಸಿವು ಸತ್ತುಹೋಯ್ತು" ಅಂತೀವಿ. ಆ ಅಲೆ ಬಂದಿತ್ತು, ಹೋಯ್ತು.

ದೇಹ ಯಾಕೆ ಹಿಂಗೆ ಟೈಮ್ ನೆನಪಿಟ್ಕೊಳ್ಳತ್ತೆ? ಸ್ಟೀಫನ್ ವುಡ್ಸ್ ಅನ್ನೋ ಸಂಶೋಧಕರು 1991ರಲ್ಲಿ ಕೊಟ್ಟ ವಿವರಣೆ ನಂಗೆ ತುಂಬ ಇಷ್ಟ. ಊಟ ಬದುಕೋಕೆ ಬೇಕು ನಿಜ, ಆದ್ರೆ ಊಟ ಅಂದ್ರೆ ದೇಹದ ಸಮತೋಲನಕ್ಕೆ ಒಂದು ಹೊಡೆತಾನೂ ಹೌದು, ಒಂದೇ ಸಲಕ್ಕೆ ಅಷ್ಟು ಸಕ್ಕರೆ ಕೊಬ್ಬು ರಕ್ತಕ್ಕೆ ನುಗ್ಗತ್ತೆ. ನೆಂಟ್ರು ಬರೋ ಹಂಗೆ ಅಂದ್ಕೊಳ್ಳಿ. ಫೋನ್ ಮಾಡಿ ಬಂದ್ರೆ ಮನೆ ಗುಡಿಸಿ ಹಾಸಿಗೆ ರೆಡಿ ಮಾಡಿರ್ತೀವಿ, ದಿಢೀರ್ ಅಂತ ಹತ್ತು ಜನ ಬಾಗಿಲು ತಟ್ಟಿದ್ರೆ ಗಡಿಬಿಡಿ. ಟೈಮ್ ಗೊತ್ತಿದ್ರೆ ದೇಹ ಮೊದ್ಲೇ ಜೊಲ್ಲು, ಜಠರದ ಆಸಿಡ್, ಸ್ವಲ್ಪ ಇನ್ಸುಲಿನ್ ಎಲ್ಲ ಹೊರಡಿಸಿ ಇಟ್ಕೊಳ್ಳತ್ತೆ. ಆ ತಯಾರಿಯ ಒಂದು ಭಾಗವನ್ನೇ ನಾವು ಹಸಿವು ಅಂತ ಅನುಭವಿಸ್ತೀವಿ.

ಇದರ ಜೊತೆಗೆ ತಲೆಯೊಳಗಿನ ಗಡಿಯಾರ. 1968ರಲ್ಲಿ ಶಾಕ್ಟರ್ ಮತ್ತು ಗ್ರಾಸ್ ಅನ್ನೋ ಸಂಶೋಧಕರು ಮಾಡಿದ ಕಿತಾಪತಿ ಕೇಳಿ. ರೂಮಿನ ಗಡಿಯಾರವನ್ನ ಕೆಲವರಿಗೆ ಡಬಲ್ ಸ್ಪೀಡ್, ಕೆಲವರಿಗೆ ಅರ್ಧ ಸ್ಪೀಡ್ ಓಡಿಸಿದ್ರು. ನಿಜವಾದ ಟೈಮ್ ಒಂದೇ, ಆದ್ರೆ ಒಂದು ಗುಂಪಿಗೆ ಸಂಜೆ 5:20, ಇನ್ನೊಂದಕ್ಕೆ 6:05, ಅಂದ್ರೆ ಊಟದ ಹೊತ್ತು. ಮುಂದೆ ಬಿಸ್ಕೆಟ್ ಇಟ್ರು. ದಪ್ಪ ಇರೋರು 6:05 ಅಂತ ನಂಬಿದಾಗ ಜಾಸ್ತಿ ತಿಂದ್ರು. ತೂಕ ಮಾಮೂಲಾಗಿರೋರು ಉಲ್ಟಾ, ಊಟದ ಹೊತ್ತಾಯ್ತಲ್ಲ ಈಗ ಯಾಕೆ ಅಂತ ಕಮ್ಮಿ ತಿಂದ್ರು. ಇದನ್ನ ಓದಿ ದಪ್ಪ ಇರೋರು ಗಡಿಯಾರದ ಗುಲಾಮರು, ಸಣ್ಣ ಇರೋರು ಹೊಟ್ಟೆ ಮಾತು ಕೇಳೋರು ಅಂತ ಬರೆದುಬಿಡ್ಬೇಡಿ, ಆಮೇಲಿನ ಸಂಶೋಧನೇಲಿ ಆ ಗೆರೆ ನಿಲ್ಲಲಿಲ್ಲ, ಹೊರಗಿನ ಸೂಚನೆಗೆ ಬೀಳೋರು ಎಲ್ಲಾ ತೂಕದಲ್ಲೂ ಇದಾರೆ. ಇನ್ನೊಂದು ಕಡೆ ನೋಡಿ, ಎರಡು ಗುಂಪೂ ಗಡಿಯಾರ ನೋಡೇ ತೀರ್ಮಾನ ಮಾಡಿದ್ದು, ಒಬ್ರು ತಿನ್ನೋಕೆ ಇನ್ನೊಬ್ರು ಬಿಡೋಕೆ.

ಇದಕ್ಕಿಂತ ನನ್ನ ತಲೆ ತಿರುಗಿಸಿದ್ದು 1998ರ ಪಾಲ್ ರೋಜಿನ್ ಅವರ ಕೆಲಸ. ಹೊಸ ನೆನಪು ನಿಲ್ಲದೇ ಇರೋ ಇಬ್ರು ರೋಗಿಗಳಿಗೆ ಊಟ ಕೊಟ್ಟು, ತಟ್ಟೆ ತೆಗೆದು, 10ರಿಂದ 30 ನಿಮಿಷ ಬಿಟ್ಟು ಮತ್ತೆ ಊಟ ತಂದಿಟ್ರೆ ಅವ್ರು ಮತ್ತೆ ಊಟ ಮಾಡಿದ್ರು. ಹೊಟ್ಟೆ ತುಂಬಿದೆ, ಆದ್ರೆ ಉಂಡಿದ್ದು ನೆನಪಿಲ್ಲ. "ನನ್ನ ಹೊಟ್ಟೆ ನಂಗೆ ಹೇಳತ್ತೆ" ಅನ್ನೋ ಮಾತಲ್ಲಿ ಹೊಟ್ಟೆದೆಷ್ಟು ನೆನಪಿಂದೆಷ್ಟು ಅಂತ ಯೋಚ್ನೆ ಬರಲ್ವಾ?

ಹಂಗಂದ್ರೆ ಹೊಟ್ಟೆ ಮಾತು ಪೂರ್ತಿ ಸುಳ್ಳಾ? ಅಲ್ಲ. ಪುಟ್ಟ ಮಕ್ಕಳನ್ನ ನೋಡಿ. ಲೀಆನ್ ಬರ್ಚ್ ಅವರ 1991ರ ಅಧ್ಯಯನದಲ್ಲಿ 2ರಿಂದ 5 ವರ್ಷದ 15 ಮಕ್ಕಳು 6 ದಿನ ತಿಂದಿದ್ದನ್ನೆಲ್ಲ ಲೆಕ್ಕ ಹಾಕಿದ್ರು. ಒಂದೊಂದು ಊಟದ ಕ್ಯಾಲೊರಿ ಏರಿಳಿತ ಸರಾಸರಿ 33.6 ಪರ್ಸೆಂಟ್, ಇಡೀ ದಿನದ ಲೆಕ್ಕ ತಗೊಂಡ್ರೆ ಬರೀ 10.4. ಮಧ್ಯಾಹ್ನ ತಟ್ಟೆ ಹಂಗೇ ಬಿಟ್ಟೆದ್ದ ಮಗು ರಾತ್ರಿ ಸರಿ ಮಾಡ್ಕೊಳ್ಳತ್ತೆ, ಯಾರೂ ಲೆಕ್ಕ ಹೇಳಿಕೊಡದೆ! ಆದ್ರೆ ಈ ಶಕ್ತಿ ಹಂಗೇ ಉಳಿಯಲ್ಲ, 2000ದಲ್ಲಿ ಬಂದ ಇನ್ನೊಂದು ಕೆಲಸದಲ್ಲಿ 3 ವರ್ಷದ ಮಕ್ಕಳು ತಟ್ಟೇಲಿ ಎಷ್ಟು ಹಾಕಿದ್ರೂ ತಮಗೆ ಬೇಕಾದಷ್ಟೇ ತಿಂದ್ರು, 5 ವರ್ಷದೋರು ಜಾಸ್ತಿ ಹಾಕಿದ್ರೆ ಜಾಸ್ತಿ ತಿಂದ್ರು. "ತಟ್ಟೆ ಖಾಲಿ ಮಾಡು" ಅಂತ ಬೆನ್ನು ಬೀಳೋದೂ ಇದರಲ್ಲಿ ಕೈ ಆಡಿಸಿರಬಹುದು ಅನ್ನೋದು ನನ್ನ ಗುಮಾನಿ.

ಮಕ್ಕಳ ಊಟದ ವಿಷ್ಯದಲ್ಲಿ ಎಲಿನ್ ಸ್ಯಾಟರ್ ಅನ್ನೋ ಆಹಾರ ತಜ್ಞೆ ಹೇಳೋ ಜವಾಬ್ದಾರಿ ಪಾಲು ನಂಗೆ ಎಲ್ಲಾ ವಯಸ್ಸಿಗೂ ಸರಿ ಅನ್ಸತ್ತೆ. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡೋರು ತೀರ್ಮಾನ ಮಾಡೋದು, ತಿನ್ನೋದಾ ಬೇಡ್ವಾ, ಎಷ್ಟು ಅನ್ನೋದು ಮಗು. ಅದನ್ನೇ ನಮಗೆ ಅನ್ವಯಿಸಿದ್ರೆ ಯಾವಾಗ ಅನ್ನೋದನ್ನ ಗಡಿಯಾರಕ್ಕೆ ಬಿಡಿ, ಎಷ್ಟು ಅನ್ನೋದನ್ನ ಹೊಟ್ಟೆಗೆ ಬಿಡಿ. ಯಾಕಂದ್ರೆ "ಯಾವಾಗ" ಅನ್ನೋ ವಿಷ್ಯದಲ್ಲಿ ಹೊಟ್ಟೆ ಹೆಂಗೂ ನಾವು ಕಲಿಸಿದ್ದನ್ನೇ ನಮಗೆ ಒಪ್ಪಿಸತ್ತೆ. ತೀರಾ ಹಾಲು ಕುಡಿಯೋ ಕೂಸುಗಳಿಗೆ ಈ ಲೆಕ್ಕ ಬೇಡ, ಅಲ್ಲಿ ಕೂಸು ಕೇಳಿದಾಗ ಕೊಡೋದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ಕು ಗಂಟೆಗೊಂದ್ಸಲ ಅಂತ ಗಡಿಯಾರ ಹಿಡಿದು ಹಾಲು ಕೊಡ್ತಿದ್ದ ಕಾಲ ಒಂದಿತ್ತು, 20ನೇ ಶತಮಾನದ ಶುರುವಲ್ಲಿ, ಹೋಯ್ತು ಬಿಡಿ.

ಹೊಟ್ಟೆ ಮಾತನ್ನ ನಂಬೋಕೇ ಆಗದೇ ಇರೋ ಜಾಗಗಳು ಬೇರೆ. ನಿದ್ದೆಗೆಟ್ಟಾಗ: 2004ರ ಒಂದು ಪ್ರಯೋಗದಲ್ಲಿ ಯುವಕರು ಎರಡು ರಾತ್ರಿ 4 ಗಂಟೆ ಮಾತ್ರ ಮಲಗಿದಾಗ, 10 ಗಂಟೆ ಮಲಗಿದಾಗಿಗಿಂತ ಲೆಪ್ಟಿನ್ (ಹಸಿವು ತಗ್ಗಿಸೋ ಹಾರ್ಮೋನ್) 18 ಪರ್ಸೆಂಟ್ ಕಮ್ಮಿ, ಗ್ರೆಲಿನ್ 28 ಜಾಸ್ತಿ, ಹಸಿವು 24 ಜಾಸ್ತಿ. ಪರೀಕ್ಷೆ ಹಿಂದಿನ ರಾತ್ರಿ ಎದ್ದು ಓದಿ ಮಾರನೇ ದಿನ ಕಂಡಿದ್ದೆಲ್ಲ ತಿನ್ಬೇಕು ಅನ್ಸೋದಕ್ಕೆ ಇದೂ ಒಂದು ಕಾರಣ. ತುಂಬ ದಿನ ಅರೆಹೊಟ್ಟೇಲಿದ್ದೋರಿಗೆ ಇನ್ನೂ ಕಷ್ಟ. 1944-45ರಲ್ಲಿ ಆನ್ಸೆಲ್ ಕೀಸ್ ಅನ್ನೋ ಸಂಶೋಧಕರು ಅಮೆರಿಕದ ಮಿನೆಸೋಟದಲ್ಲಿ 36 ಜನರನ್ನ ಆರು ತಿಂಗಳು ಅರೆಹೊಟ್ಟೇಲಿಟ್ಟು ಆಮೇಲೆ ಊಟ ಕೊಟ್ಟಾಗ ಕೆಲವರು ರಾಶಿ ತಿಂದ್ರೂ ಹಸಿವು ಹೋಗಿಲ್ಲ ಅಂತಿದ್ರು. ಅದಕ್ಕೇ ಈಟಿಂಗ್ ಡಿಸಾರ್ಡರ್ (ತಿನ್ನೋ ರೀತಿಯೇ ಕೆಟ್ಟುಹೋಗೋ ಮಾನಸಿಕ ಕಾಯಿಲೆ) ಚಿಕಿತ್ಸೇಲಿ "ಹಸಿವಾದಾಗ ತಿನ್ನಿ" ಅಂತ ಶುರು ಮಾಡಲ್ಲ. ಈ ಚಿಕಿತ್ಸೆಯ ತಜ್ಞ ಫೇರ್‌ಬರ್ನ್ ಅವರ ಪದ್ಧತೀಲಿ ಮೂರು ಊಟ, ನಡುವೆ ಎರಡು ಮೂರು ಸಲ ಚಿಕ್ಕ ತಿಂಡಿ, ಗ್ಯಾಪ್ 4 ಗಂಟೆ ದಾಟಬಾರದು, ಹಸಿವಿರ್ಲಿ ಬಿಡ್ಲಿ. ಹಸಿವಿನ ಅರಿವು ನಿಧಾನಕ್ಕೆ ಹಿಂದಿನಿಂದ ಬರತ್ತೆ. ಇನ್ಸುಲಿನ್ ತಗೊಳ್ಳೋರಿಗೂ, ಕೆಲವು ಶುಗರ್ ಮಾತ್ರೆ ತಗೊಳ್ಳೋರಿಗೂ ಊಟ ತಪ್ಪಿದ್ರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು, ಕೆಲವರಿಗೆ ಬೆವರು, ನಡುಕದ ಮುನ್ಸೂಚನೇನೂ ಬರಲ್ಲ, ಅವರು ಡಾಕ್ಟರ್ ಹೇಳಿದ ಟೈಮೇ ಹಿಡೀಬೇಕು. ವಯಸ್ಸಾದೋರಿಗೆ ಹಸಿವೇ ಕಮ್ಮಿಯಾಗತ್ತೆ, ಅವರಿಗೂ ಅಷ್ಟೇ.

ಟೈಮ್ ಪಾರ್ಟಿಯೋರು ಖುಷಿ ಪಡೋ ಇನ್ನೊಂದು ವಿಷ್ಯ: ಮೆದುಳಲ್ಲಿರೋ ಮುಖ್ಯ ಗಡಿಯಾರ ಬೆಳಕು ನೋಡಿ ನಡೆಯತ್ತೆ, ಲಿವರ್‌ನಂಥ ಅಂಗಗಳ ಗಡಿಯಾರ ಊಟ ನೋಡಿ ನಡೆಯತ್ತೆ. 2017ರಲ್ಲಿ 10 ಯುವಕರಿಗೆ ಎಲ್ಲಾ ಊಟವನ್ನೂ 5 ಗಂಟೆ ತಡ ಮಾಡಿ ಕೊಟ್ಟಾಗ ಮೆಲಟೋನಿನ್ (ಮೆದುಳಿನ ಗಡಿಯಾರದ ಟೈಮ್ ತೋರಿಸೋ, ರಾತ್ರಿ ಏರೋ ಹಾರ್ಮೋನ್) ಟೈಮಿಂಗ್ ಜಗ್ಗಲಿಲ್ಲ, ಆದ್ರೆ ರಕ್ತದ ಸಕ್ಕರೆಯ ಲಯ 5.7 ಗಂಟೆ ತಡ ಆಯ್ತು, ಅಂದ್ರೆ ಒಂದೇ ದೇಹದೊಳಗೆ ಎರಡು ಟೈಮ್. ಟೈಮ್ ಪಾರ್ಟಿಯೋರಿಗೆ ಖುಷಿ ಆಗದೇ ಇರೋದೂ ಒಂದಿದೆ: 2013ರ ಅಧ್ಯಯನದ ಪ್ರಕಾರ ಊಟ ನಿದ್ದೆ ಲೆಕ್ಕ ತೆಗೆದುಬಿಟ್ರೂ ದೇಹದ ಗಡಿಯಾರದಲ್ಲಿ ಹಸಿವು ಬೆಳಗ್ಗೆ 8ರ ಸುಮಾರಿಗೆ ತಳದಲ್ಲಿರತ್ತೆ, ರಾತ್ರಿ 8ರ ಸುಮಾರಿಗೆ ತುದೀಲಿರತ್ತೆ. ಬೆಳಗ್ಗೆ ತಿಂಡಿ ಸೇರಲ್ಲ ಅನ್ನೋರು ಸೋಮಾರಿಗಳಲ್ಲ ಅಂತ ಆಯ್ತು.

"ಎಷ್ಟು" ಅನ್ನೋದನ್ನ ಹೊಟ್ಟೆಗೆ ಬಿಡ್ಬೇಕು ಅಂದ್ರೆ ಅದಕ್ಕೆ ಮಾತಾಡೋಕೆ ಟೈಮ್ ಕೊಡ್ಬೇಕು. ಜಠರ ಹಿಗ್ಗಿದ್ದನ್ನ ವೇಗಸ್ ನರ (ಹೊಟ್ಟೆಗೂ ಮೆದುಳಿಗೂ ನಡುವಿನ ನರ) ಮೆದುಳಿಗೆ ಬೇಗ ಹೇಳತ್ತೆ, ಆದ್ರೆ ಕರುಳಿನ ಹಾರ್ಮೋನ್‌ಗಳು ಊಟ ಕೆಳಗಿಳಿದ ಮೇಲೆ ಏರೋದು, ಸುಮಾರು 20 ನಿಮಿಷ ಅಂತ ಎಲ್ರೂ ಹೇಳೋದು ಇದಕ್ಕೇ. ಗಬಗಬ ತಿಂದು ಏಳು ನಿಮಿಷಕ್ಕೆ ಎದ್ದೋರು "ನಂಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ" ಅಂದ್ರೆ ತಪ್ಪು ಹೊಟ್ಟೇದಲ್ಲ. ಹಸಿವಾ ಬಾಯಿಚಪಲಾನಾ ಅಂತ ಡೌಟ್ ಬಂದ್ರೆ ನಮ್ಮ ಗಾದೆನೇ ಟೆಸ್ಟು, ಹಸಿವು ರುಚಿಯರಿಯದು. ಮುಂದಿರೋ ಸಪ್ಪೆ ಊಟಾನೂ ಆಗತ್ತೆ ಅನ್ಸಿದ್ರೆ ಹಸಿವು, ಆ ಒಂದೇ ಒಂದು ತಿನಿಸೇ ಬೇಕು ಅಂದ್ರೆ ಇನ್ನೊಂದು.

ನಾನು ಇದನ್ನೆಲ್ಲ ಓದೋವಾಗ ಒಂದು ಚಿಕ್ಕ ಬುಕ್ ಇಟ್ಕೊಂಡು ತಿನ್ನೋ ಮುಂಚೆ ಹಸಿವಿಗೆ ಹತ್ತಕ್ಕೆ ಎಷ್ಟು ಅಂತ ನಂಬರ್ ಹಾಕ್ತಿದ್ದೆ, ಪಕ್ಕದಲ್ಲಿ ಟೈಮು. ಎರಡನೇ ದಿನಕ್ಕೇ ಕಣ್ಣಿಗೆ ಬಿತ್ತು, ದಿನಾ ಬೆಳಗ್ಗೆ ಹನ್ನೊಂದಕ್ಕೆ ಏಳು ಎಂಟು. ತಿಂಡಿ ಎಂಟಕ್ಕೆ ತಿಂದ್ರೂ ಹನ್ನೊಂದು, ಒಂಬತ್ತೂವರೆಗೆ ತಿಂದ್ರೂ ಹನ್ನೊಂದು. ಕ್ಲಾಸ್ ಇದ್ದಾಗ ಹನ್ನೊಂದಕ್ಕೆ ಬ್ರೇಕು, ಆಗ ಏನಾದ್ರೂ ತಿಂತಿದ್ದೆ, ಈಗ ರಜೆ, ಬ್ರೇಕ್ ಇಲ್ಲ, ಆದ್ರೆ ಹೊಟ್ಟೆಗೆ ರಜೆ ವಿಷ್ಯ ಯಾರೂ ಹೇಳಿಲ್ಲ. ಏನೂ ತಿನ್ದೇ ಸುಮ್ನೆ ಬರ್ಕೊಳ್ತಾ ಹೋದೆ. ಎಂಟು, ಏಳು, ಏಳು, ಐದು, ಮಧ್ಯದಲ್ಲೊಂದಿನ ಮತ್ತೆ ಎಂಟು, ಆಮೇಲೆ ಮೂರು. ಒಂಬತ್ತನೇ ದಿನ ಆ ಸಾಲು ಖಾಲಿ ಇದೆ, ಯಾಕಂದ್ರೆ ಫೋನ್ ನೋಡಿದಾಗ ಆಗ್ಲೇ ಹನ್ನೆರಡು ಹತ್ತಾಗಿತ್ತು.